ಚಾವಡಿಗೆ ಬರುವ ಚಿಕಿತ್ಸೆ: ಮಿದುಳಿಗೆ ಪೆಟ್ಟಾದ ಎಳೆಯರ ದೂರ ಪುನಶ್ಚೇತನ

ದೂರ ಪುನಶ್ಚೇತನ ಎಂದರೆ ಫಿಸಿಯೋಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ವಾಕ್ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು ಫೋನ್ ಅಥವಾ ವಿಡಿಯೊ ಮೂಲಕ ರೋಗಿಗೆ ಅವನ ಮನೆಯಲ್ಲೇ ಅಭ್ಯಾಸ ಮಾಡಿಸುವ ಕ್ರಮ. ಬೆಳ್ತಂಗಡಿ ತಾಲೂಕಿನ ಕೊಕ್ಕಡದಂಥ ಊರಿಗೆ ಇದು ಅಗತ್ಯದ ಮಾತು. ಇಲ್ಲಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ 70–80 ಕಿ.ಮೀ. ದಾರಿ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾದರೆ ಘಾಟಿ ಹತ್ತಬೇಕು. ಬೀಡಿ ಕಟ್ಟಿ ಮನೆ ನಡೆಸುವ ತಾಯಿ ಮಗನನ್ನು ಕರೆದುಕೊಂಡು ಒಂದು ದಿನ ಮಂಗಳೂರಿಗೆ ಹೋದರೆ ಅಂದಿನ ದುಡಿಮೆಯೂ ಹೋಯಿತು, ಬಾಡಿಗೆ ಕಾರಿನ ಹಣವೂ ಹೋಯಿತು. ವಾರಕ್ಕೆ ಮೂರು ಸಲ ಬನ್ನಿ ಎಂದು ಚೀಟಿಯಲ್ಲಿ ಬರೆದದ್ದು ಹೆಚ್ಚಿನ ಮನೆಗಳಲ್ಲಿ ಚೀಟಿಯಲ್ಲೇ ಉಳಿಯುವುದು ಇದರಿಂದಲೇ.

ಪೆಟ್ಟಿನ ಬಗೆ

ಬೈಕ್ ಅಪಘಾತ, ಅಡಿಕೆ ಅಥವಾ ತೆಂಗಿನ ಮರದಿಂದ ಬೀಳುವುದು, ನೀರಿಗೆ ಬಿದ್ದು ಮಿದುಳಿಗೆ ಆಮ್ಲಜನಕ ತಪ್ಪುವುದು, ಮಿದುಳು ಜ್ವರ – ಹುಟ್ಟಿದ ಮೇಲೆ ಬರುವ ಮಿದುಳಿನ ಹಾನಿಗೆ ಕಾರಣಗಳು ಹೀಗೆ ಹಲವು. ತಲೆಗೆ ಬಿದ್ದ ಪೆಟ್ಟಿನ ತೀವ್ರತೆಯನ್ನು ಅಳೆಯಲು ವೈದ್ಯರು ಬಳಸುವುದು 1974ರಲ್ಲಿ ರೂಪುಗೊಂಡ ಗ್ಲಾಸ್ಗೊ ಕೋಮಾ ಮಾಪನ. ಅದರಲ್ಲಿ 13ರಿಂದ 15 ಅಂಕ ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ.

ಕೈಕಾಲು ಸೋತದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ನೆನಪು ನಿಲ್ಲದಿರುವುದು, ಬೇಗ ಸುಸ್ತಾಗುವುದು, ಸಣ್ಣ ಮಾತಿಗೂ ಸಿಡಿಮಿಡಿಗೊಳ್ಳುವುದು, ಶುರುಮಾಡಿದ ಕೆಲಸ ಮುಗಿಸಲಾಗದಿರುವುದು ಕಣ್ಣಿಗೆ ಬೀಳುವುದಿಲ್ಲ. ‘ಅವನಿಗೆ ಸೋಮಾರಿತನ’ ಎಂದು ನೆಂಟರು ತೀರ್ಪು ಕೊಟ್ಟುಬಿಡುತ್ತಾರೆ. ಇದು ತುಂಬ ಅನ್ಯಾಯದ ತೀರ್ಪು.

ಎಳೆಯರಲ್ಲಿ ಇನ್ನೊಂದು ಕಷ್ಟವಿದೆ. ಯೋಜನೆ, ಸಂಯಮ, ವಿವೇಚನೆಗಳನ್ನು ನೋಡಿಕೊಳ್ಳುವ ಹಣೆಭಾಗದ ಮಿದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಎಂಟನೆಯ ವಯಸ್ಸಿನಲ್ಲಿ ಅಲ್ಲಿಗೆ ಪೆಟ್ಟಾದ ಮಗು ಆಗ ಗುಣವಾದಂತೆಯೇ ಕಾಣಬಹುದು. ಹೈಸ್ಕೂಲಿಗೆ ಬಂದು ಆರು ವಿಷಯಗಳನ್ನು ತಾನೇ ಹೊಂದಿಸಿಕೊಂಡು ಓದಬೇಕಾದಾಗ ಕೊರತೆ ಎದ್ದು ಬರುತ್ತದೆ. ಆದ್ದರಿಂದ ಈ ಮಕ್ಕಳ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿರಬೇಕು. ಅಷ್ಟು ಕಾಲ ಆಸ್ಪತ್ರೆಗೆ ಅಲೆಯುವುದು ಯಾವ ಕುಟುಂಬಕ್ಕೂ ಸಾಧ್ಯವಿಲ್ಲ.

ಕರ್ನಾಟಕದಲ್ಲಿ ಬಂದ ದಾರಿ

ದೂರದಿಂದ ವೈದ್ಯ ನೋಡುವ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರಲ್ಲಿಯೇ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಬೆಂಗಳೂರಿನ ನಾರಾಯಣ ಹೃದಯಾಲಯದ ಸಂಪರ್ಕ ಸಿಕ್ಕಿತ್ತು. ನಿಮ್ಹಾನ್ಸ್‌ನ ನರ ಪುನಶ್ಚೇತನ ತಜ್ಞರು ಟೆಲಿಮೆಡಿಸಿನ್ ಮೂಲಕ ಜಿಲ್ಲಾ ಆಸ್ಪತ್ರೆಗಳ ರೋಗಿಗಳನ್ನು ನೋಡಿದ ಅನುಭವವನ್ನು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಕೋವಿಡ್ ಕಾಲದಲ್ಲಿ ವಿಡಿಯೊ ಕರೆ ಮನೆಮನೆಗೂ ರೂಢಿಯಾಯಿತು. ಮಾತು ಮತ್ತು ಶ್ರವಣದ ವಿಷಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ದೂರ ಚಿಕಿತ್ಸೆ ಕೊಡುತ್ತ ಬಂದಿದೆ.

ಹೊರದೇಶಗಳಲ್ಲಿ ಇದು ಎಳೆಯರಿಗೆಂದೇ ಬೆಳೆದಿದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಮನಶ್ಶಾಸ್ತ್ರಜ್ಞೆ ಶಾರಿ ವೇಡ್ ರೂಪಿಸಿದ ಕ್ರಮದಲ್ಲಿ ತಲೆಗೆ ಪೆಟ್ಟಾದ ಹದಿಹರೆಯದವರೂ ತಂದೆತಾಯಿಯರೂ ಒಟ್ಟಿಗೆ ಕಂಪ್ಯೂಟರ್ ಮುಂದೆ ಕುಳಿತು ಮನೆಯ ಸಮಸ್ಯೆಯೊಂದನ್ನು ಹಂತಹಂತವಾಗಿ ಬಿಡಿಸಲು ಕಲಿಯುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ವೆಬ್‌ಕ್ಯಾಮ್ ಮುಂದೆ ಆಟವಾಡುತ್ತ ಕೈಕಾಲಿಗೆ ಅಭ್ಯಾಸ ಕೊಡುವ ಕಾರ್ಯಕ್ರಮವನ್ನು ಪ್ರಯೋಗಿಸಿ ನೋಡಿದ್ದಾರೆ. ಅಲ್ಲಿನ ತಂತ್ರಾಂಶಕ್ಕಿಂತ, ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಂಡ ರೀತಿಯನ್ನು ನಾವು ತೆಗೆದುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ.

ಮನೆಯಲ್ಲಿ ನಡೆಯುವುದೇನು

ಹಾನಿಯಾದ ಜಾಗದ ಸುತ್ತಲಿನ ಮಿದುಳು ಹೊಸ ಸಂಪರ್ಕಗಳನ್ನು ಕಟ್ಟಿಕೊಳ್ಳಬಲ್ಲದು. ಅದಕ್ಕೆ ಬೇಕಾದದ್ದು ಪುನರಾವರ್ತನೆ. ಒಂದು ಲೋಟವನ್ನು ಹಿಡಿದು ಬಾಯಿಗೆ ಒಯ್ಯುವ ಚಲನೆಯನ್ನು ದಿನಕ್ಕೆ ನೂರಾರು ಸಲ, ತಿಂಗಳುಗಟ್ಟಲೆ ಮಾಡಬೇಕು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಮಾಡಿದ ವ್ಯಾಯಾಮ ಇದಕ್ಕೆ ಸಾಲದು.

ಚಿಕಿತ್ಸಕರು ಮೊದಲು ಮನೆಯನ್ನು ನೋಡುತ್ತಾರೆ. ಹೊಸ್ತಿಲು ಎಷ್ಟು ಎತ್ತರ, ಬಚ್ಚಲಿನ ನೆಲ ಜಾರುತ್ತದೆಯೇ, ಹಿಡಿದುಕೊಳ್ಳಲು ಗೋಡೆಯಲ್ಲಿ ಏನಿದೆ – ಫೋನು ಹಿಡಿದು ಅಕ್ಕನೋ ಅಮ್ಮನೋ ಮನೆಯೊಳಗೆ ಓಡಾಡಿದರೆ ಇದೆಲ್ಲ ಕಾಣುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಕುಳಿತು ಇದನ್ನು ಊಹಿಸಲಾಗದು. ಈ ವಿಷಯದಲ್ಲಿ ದೂರ ಚಿಕಿತ್ಸೆಯದೇ ಮೇಲುಗೈ. ಆಮೇಲೆ ಮನೆಯ ಕೆಲಸಗಳೇ ಅಭ್ಯಾಸವಾಗುತ್ತವೆ: ಅಂಗಳದ ಅಡಿಕೆಯನ್ನು ಸೋತ ಕೈಯಿಂದಲೇ ಹೆಕ್ಕಿ ಬುಟ್ಟಿಗೆ ಹಾಕುವುದು, ಅಂಗಿಯ ಗುಂಡಿ ಹಾಕುವುದು, ಅಂಗಡಿಯಿಂದ ತರಬೇಕಾದ ಐದು ಸಾಮಾನನ್ನು ನೆನಪಿಟ್ಟು ಹೇಳುವುದು. ಅಡಿಕೆ ಸುಲಿಯುವ ಕತ್ತಿಯ ಹತ್ತಿರ ಮಾತ್ರ ಬಿಡಬಾರದು. ಸ್ಪರ್ಶ ಕಡಿಮೆಯಾದ ಕೈಗೆ ಗಾಯವಾದದ್ದು ತಿಳಿಯದು.

ಭಾಷೆಯನ್ನು ಮರೆಯುವಂತಿಲ್ಲ. ಈ ಭಾಗದ ಮನೆಗಳಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ ಇವೆ, ಶಾಲೆಯಲ್ಲಿ ಕನ್ನಡ. ಪೆಟ್ಟಾದ ಹುಡುಗನಿಗೆ ಎರಡು ಭಾಷೆಗಳೂ ಒಂದೇ ವೇಗದಲ್ಲಿ ಮರಳಬೇಕೆಂದಿಲ್ಲ. ಇಂಗ್ಲಿಷ್ ಪದಪಟ್ಟಿ ಕೊಟ್ಟು ನೆನಪು ಪರೀಕ್ಷಿಸಿದರೆ ಫಲಿತಾಂಶ ಸುಳ್ಳಾಗುತ್ತದೆ. ಅಜ್ಜಿ ತುಳುವಿನಲ್ಲಿ ಕೇಳುವ ಪ್ರಶ್ನೆಗೆ ಅವನು ಕೊಡುವ ಉತ್ತರವನ್ನೂ ಚಿಕಿತ್ಸಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೆಟ್‌ವರ್ಕ್‌ನ ತೊಂದರೆಗೂ ಉಪಾಯವಿದೆ. ಅಡಿಕೆ ತೋಟದ ತಗ್ಗಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಕರೆಂಟು ಹೋದಾಗ, ನೇರ ವಿಡಿಯೊ ಕರೆ ನಡೆಯದು. ಆಗ ಚಿಕಿತ್ಸಕರು ಅಭ್ಯಾಸದ ಸಣ್ಣ ವಿಡಿಯೊ ಕಳಿಸುತ್ತಾರೆ. ಮನೆಯವರು ಮಾಡಿಸಿದ್ದನ್ನು ಚಿತ್ರೀಕರಿಸಿ, ಸಿಗ್ನಲ್ ಸಿಕ್ಕಾಗ ವಾಟ್ಸ್ಆ್ಯಪ್‌ನಲ್ಲಿ ಹಿಂದಿರುಗಿಸುತ್ತಾರೆ. ಪರದೆ ನೋಡಿದರೆ ತಲೆನೋವು ಬರುವ ರೋಗಿಗಳಿಗೂ ಈ ಕ್ರಮವೇ ಹಿತ.

ಪರದೆಯಲ್ಲಿ ಆಗದ್ದು

ಸ್ನಾಯುವಿನ ಬಿಗಿತವನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ನುಂಗಲು ಕಷ್ಟವಿರುವವನಿಗೆ, ಕುತ್ತಿಗೆಯಲ್ಲಿ ಉಸಿರಿನ ಕೊಳವೆಯಿರುವವನಿಗೆ ಎದುರಿಗೇ ತಜ್ಞರಿರಬೇಕು. ಮೂರ್ಛೆ ಬಂದರೆ, ವಾಂತಿ ಮತ್ತು ತಲೆನೋವು ಹೆಚ್ಚಿದರೆ, ಎಚ್ಚರ ಮಂಕಾದರೆ ಫೋನಿನಲ್ಲಿ ಸಮಯ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ತಪಾಸಣೆಯೂ ಮುಖಾಮುಖಿ ನಡೆಯುವುದೇ ಕ್ಷೇಮ.

ಕೊಕ್ಕಡದ ಆಸರೆ

ಪುನಶ್ಚೇತನದ ಮಾತು ಕೊಕ್ಕಡಕ್ಕೆ ಬಹಳ ನೋವಿನ ದಾರಿಯಿಂದ ಬಂತು. ಸುತ್ತಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ವರ್ಷಗಳ ಬಳಿಕ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಸಂತ್ರಸ್ತ ಕುಟುಂಬಗಳು ದೀರ್ಘ ಹೋರಾಟ ನಡೆಸಿದವು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಲ್ಲೆಡೆ ತಡೆಹಿಡಿಯಿತು. ವೈಕಲ್ಯಕ್ಕೀಡಾದ ಸಂತ್ರಸ್ತ ಮಕ್ಕಳಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಹತ್ತಿರದ ಸೌತಡ್ಕದಲ್ಲಿ ಸೇವಾಭಾರತಿ ನಡೆಸುವ ಸೇವಾಧಾಮ ಬೆನ್ನುಹುರಿಗೆ ಪೆಟ್ಟಾದವರ ಪುನಶ್ಚೇತನಕ್ಕೆಂದೇ ಇದೆ. ಬೆನ್ನುಹುರಿಯ ಪೆಟ್ಟು ಬೇರೆ, ಮಿದುಳಿನ ಪೆಟ್ಟು ಬೇರೆ. ಆದರೂ ಹಾಸಿಗೆಹುಣ್ಣು ಬರದಂತೆ ಮಗ್ಗುಲು ಬದಲಿಸುವುದು, ಗಾಲಿಕುರ್ಚಿಗೆ ದಾಟಿಸುವುದು, ಮನೆಯವರಿಗೆ ತರಬೇತಿ ಕೊಡುವುದು ಎರಡಕ್ಕೂ ಬೇಕು. ಈ ಅನುಭವವಿರುವ ಊರಿಗೆ ದೂರದ ತಜ್ಞರ ಕಣ್ಣು ಸೇರಿದರೆ ಕೆಲಸ ಗಟ್ಟಿಯಾಗುತ್ತದೆ. ಗ್ರಾಮ ಪಂಚಾಯತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು ವಾರಕ್ಕೊಮ್ಮೆ ಮನೆಗೆ ಹೋಗಿ ಫೋನು ಹಿಡಿದು ನಿಂತರೆ, ಒಬ್ಬಳೇ ಸೆಣಸುವ ತಾಯಿಗೆ ಎಷ್ಟೋ ಭಾರ ಇಳಿದೀತು.

ಪ್ರಮಾಣಪತ್ರ ಮತ್ತು ಶಾಲೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಿದುಳಿನ ಪೆಟ್ಟು ಪ್ರತ್ಯೇಕ ಹೆಸರಾಗಿ ಅದರಲ್ಲಿಲ್ಲ. ಕೈಕಾಲು ಸೋತಿದ್ದರೆ ಚಲನವೈಕಲ್ಯ, ಮಾತು ಹೋಗಿದ್ದರೆ ವಾಕ್ ಮತ್ತು ಭಾಷಾ ವೈಕಲ್ಯ ಎಂದು ಪ್ರಮಾಣಪತ್ರ ಪಡೆಯಬೇಕು. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40 ವೈಕಲ್ಯ ಬೇಕು. ನಡೆದಾಡಬಲ್ಲ, ಮಾತಾಡಬಲ್ಲ, ಆದರೆ ನೆನಪು ನಿಲ್ಲದ ಹುಡುಗ ಈ ಎರಡರ ನಡುವೆ ಜಾರಿಬೀಳಬಹುದು. ದೂರ ಚಿಕಿತ್ಸೆಯ ವಿಡಿಯೊಗಳನ್ನೂ ತಿಂಗಳ ಟಿಪ್ಪಣಿಗಳನ್ನೂ ತೆಗೆದಿಟ್ಟರೆ ವೈದ್ಯರ ಮುಂದೆ ಅವನ ಕಷ್ಟ ವಿವರಿಸಲು ಆಧಾರವಾಗುತ್ತದೆ. ಶಾಲೆಗೆ ಮರಳುವ ಮಕ್ಕಳಿಗಾಗಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆ ಶುರುವಾಗುವ ಮೊದಲೇ ಅವರನ್ನೂ ಚಿಕಿತ್ಸಕರನ್ನೂ ಒಂದೇ ಕರೆಯಲ್ಲಿ ಕೂಡಿಸಿ, ಮೊದಲ ವಾರಗಳಲ್ಲಿ ದಿನಕ್ಕೆ ಎಷ್ಟು ಪಿರಿಯಡ್, ನಡುವೆ ವಿಶ್ರಾಂತಿ ಎಲ್ಲಿ, ಯಾರ ಪಕ್ಕ ಕೂರಿಸುವುದು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.