ಒಕ್ಕ, ಪಾಲುದಾರಿಕೆ, ಕಂಪನಿ: ಕೊಡಗಿನಲ್ಲಿ ಕೂಡು ಒಡೆತನದ ಮೂರು ರೂಪಗಳು

1834ರ ಮೇ ತಿಂಗಳಲ್ಲಿ ಕೊಡಗನ್ನು ತನ್ನ ಆಳ್ವಿಕೆಗೆ ಸೇರಿಸಿಕೊಂಡದ್ದು ಷೇರುದಾರರ ಒಂದು ಸಂಸ್ಥೆ. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರವನ್ನು 1833ರ ಚಾರ್ಟರ್ ಕಾಯ್ದೆ ಅಷ್ಟರಲ್ಲಿ ನಿಲ್ಲಿಸಿತ್ತು; ಷೇರುದಾರರಿಗೆ ವರ್ಷಕ್ಕೆ ಶೇ. 10.5ರ ಲಾಭಾಂಶವನ್ನು ಭಾರತದ ಕಂದಾಯದಿಂದಲೇ ಕೊಡಬೇಕೆಂದೂ ವಿಧಿಸಿತ್ತು.

ಆ ಸಂಸ್ಥೆಗೆ ಇಲ್ಲಿ ಎದುರಾದದ್ದು ಇನ್ನೊಂದು ಬಗೆಯ ಕೂಡು ಒಡೆತನ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇಡೀ ಒಕ್ಕಕ್ಕೆ, ಅಂದರೆ ಕೊಡವರ ಕೂಡುಕುಟುಂಬಕ್ಕೆ, ಸೇರಿದ್ದು. ಕಂದಾಯದ ಹೊಣೆ ಒಕ್ಕದ ಯಜಮಾನನಾದ ಪಟ್ಟೇದಾರನದು. ಆ ಭೂಮಿಯನ್ನು ಪಾಲು ಮಾಡುವಂತಿರಲಿಲ್ಲ, ಮಾರುವಂತೆಯೂ ಇರಲಿಲ್ಲ. ಸದಸ್ಯರು ಹುಟ್ಟಿ ಸಾಯುತ್ತಿದ್ದರು, ಒಕ್ಕ ಮುಂದುವರಿಯುತ್ತಿತ್ತು. ಕಂಪನಿಯ ಮುಖ್ಯ ಲಕ್ಷಣವೆಂದು ಕಾನೂನು ಪುಸ್ತಕಗಳು ಹೇಳುವ ಶಾಶ್ವತ ಉತ್ತರಾಧಿಕಾರಕ್ಕೆ ಇದಕ್ಕಿಂತ ಹತ್ತಿರದ ದೇಶೀ ನಿದರ್ಶನ ನನಗೆ ಕಂಡಿಲ್ಲ.

ಆದರೂ ಒಕ್ಕ ಕಂಪನಿಯಲ್ಲ, ಪಾಲುದಾರಿಕೆಯೂ ಅಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 5ನೇ ಕಲಮು ಎರಡನೆಯ ಮಾತನ್ನು ಖಚಿತಗೊಳಿಸುತ್ತದೆ: ಪಾಲುದಾರಿಕೆ ಹುಟ್ಟುವುದು ಕರಾರಿನಿಂದ, ಜನ್ಮದ ಸ್ಥಾನಮಾನದಿಂದಲ್ಲ. ಪಾಲುದಾರ ಸಂಸ್ಥೆಯ ಪರವಾಗಿ ಒಬ್ಬ ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ಬೇರೆ ಕರಾರಿಲ್ಲದಿದ್ದರೆ ಒಬ್ಬ ಪಾಲುದಾರ ಸತ್ತೊಡನೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ.

ಮೂರನ್ನೂ ನಿಜವಾಗಿ ಬೇರ್ಪಡಿಸುವುದು ಹೊರಹೋಗುವ ದಾರಿ ಎಂಬುದು ನನ್ನ ವಾದ. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಒಬ್ಬನ ಲಿಖಿತ ನೋಟಿಸು ಮುಗಿಸಬಲ್ಲದು. ಒಕ್ಕದಲ್ಲಿ ಹಕ್ಕು ಹುಟ್ಟಿನಿಂದ ಬಂದದ್ದು, ಮಾರಿ ಹೋಗುವ ಮಾತೇ ಇರಲಿಲ್ಲ. ಕಂಪನಿಯಲ್ಲಿ ಷೇರು ಕೈ ಬದಲಾಯಿಸುತ್ತದೆ, ತೋಟ ಅಲುಗುವುದಿಲ್ಲ. 1943ರಲ್ಲಿ ನೋಂದಣಿಯಾಗಿ ಪೊಲ್ಲಿಬೆಟ್ಟವನ್ನು ಕೇಂದ್ರವಾಗಿಸಿಕೊಂಡ ಕನ್ಸಾಲಿಡೇಟೆಡ್ ಕಾಫಿ ಮುಂದೆ ಟಾಟಾ ಕಾಫಿಯಾಯಿತು. ಒಡೆತನ ಬದಲಾದರೂ ತೋಟಗಳು ಹರಿದು ಹಂಚಿಹೋಗಲಿಲ್ಲ. ಷೇರುದಾರನಿಗೆ ಕಂಪನಿಯ ಆಸ್ತಿಯಲ್ಲಿ ನೇರ ಒಡೆತನವಿಲ್ಲವೆಂದು ಸುಪ್ರೀಂ ಕೋರ್ಟ್ 1954ರ ಬಾಚಾ ಗುಜ್ದಾರ್ ಪ್ರಕರಣದಲ್ಲಿ ಹೇಳಿದೆ. ಅದು ಚಹಾ ಕಂಪನಿಯ ಲಾಭಾಂಶದ ಮೇಲಿನ ತೆರಿಗೆಯ ವ್ಯಾಜ್ಯ. ಕಾಫಿ ತೋಟದ ಷೇರುದಾರರಿಗೂ ಆ ತತ್ವ ಸಲ್ಲುತ್ತದೆ.

ಕಂಪನಿಯ ಷೇರುದಾರರಿಗೆ ಸೀಮಿತ ಹೊಣೆ ಮಾತ್ರ ಭಾರತದಲ್ಲಿ ತಡವಾಗಿ ಬಂದದ್ದು. 1850ರ ಕಂಪನಿ ಕಾಯ್ದೆ ನೋಂದಣಿಗಷ್ಟೇ ಅವಕಾಶ ಕೊಟ್ಟಿತು. ಹೊಣೆಯ ಮಿತಿ 1857ರಲ್ಲಿ ದೊರೆಯಿತು.

ಇಂದು ಒಂದೇ ಒಕ್ಕದ ಅಣ್ಣತಮ್ಮಂದಿರು ಸೇರಿ ಹೋಂಸ್ಟೇ ನಡೆಸಿದರೆ ಅವರ ಸಂಬಂಧವನ್ನು ನಿರ್ಣಯಿಸುವುದು ರಕ್ತವಲ್ಲ. ಲಾಭ ಹಂಚಿಕೊಳ್ಳುವ ಒಪ್ಪಂದ, ಎಲ್ಲರ ಪರವಾಗಿ ವ್ಯವಹರಿಸುವ ಅಧಿಕಾರ. ಬಾಯಿಮಾತಿನ ಕರಾರೂ ಸಾಕು. ಆದರೆ ನೋಂದಣಿಯಾಗದ ಸಂಸ್ಥೆ ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡದಂತೆ ಪಾಲುದಾರಿಕೆ ಕಾಯ್ದೆಯ 69ನೇ ಕಲಮು ತಡೆಯುತ್ತದೆ.