ಪಿಂಚಣಿ, ಠೇವಣಿ ಮತ್ತು ಒಂದು ಅರ್ಜಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ತಂದೆಗೆ ಸಣ್ಣದೊಂದು ಪಿಂಚಣಿ ಬರುತ್ತದೆ. ಆ ಕಾರಣಕ್ಕೇ ಸರ್ಕಾರದ ಇನ್ನೊಂದು ಸೌಲಭ್ಯ ಕೈತಪ್ಪಿತಂತೆ. "ಇದು ಯಾವ ನ್ಯಾಯ ಸಾರ್?" ಎಂದು ಕೇಳಿದ. ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ನಾನು ಇತಿಹಾಸ ಮತ್ತು ಗಣಿತ ಎರಡನ್ನೂ ಪಾಠ ಹೇಳಿದವನು. ಈ ಪ್ರಶ್ನೆಗೆ ಎರಡೂ ಬೇಕಾಗುತ್ತವೆ ಎಂದು ಆಮೇಲೆ ತೋರಿತು. ಆದ್ದರಿಂದ ಈ ಬರಹ.

ನಮ್ಮ ಕೊಡಗಿನಲ್ಲಿ ಪಿಂಚಣಿ ಎಂಬ ಮಾತು ಹಳೆಯದು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಪಿಂಚಣಿ ಕೊಟ್ಟು ಕಾಶಿಗೆ ಕಳುಹಿಸಿತು. 1852ರಲ್ಲಿ ಅವನು ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಕಂಪನಿ ವಶಪಡಿಸಿಕೊಂಡಿದ್ದ ತನ್ನ ಹಣಕ್ಕಾಗಿ ಅಲ್ಲಿಯ ನ್ಯಾಯಾಲಯದಲ್ಲಿ ದಾವೆ ಹೂಡಿದ. ಆ ದಾವೆ ಫಲ ಕೊಡಲಿಲ್ಲ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಪಿಂಚಣಿ ಬೇರೆ, ಆಸ್ತಿ ಬೇರೆ ಎಂಬ ವ್ಯಾಜ್ಯ ನಮ್ಮ ನಾಡಿನಲ್ಲಿ ಅರಸನಿಂದಲೇ ಆರಂಭವಾಯಿತೆನ್ನಬಹುದು. ಅನಂತರ ಬಂದದ್ದು ಸೈನಿಕರ ಪಿಂಚಣಿ. ಮಾದಾಪುರದಂತಹ ಊರುಗಳಲ್ಲಿ ಪಿಂಚಣಿದಾರರೆಂದರೆ ಬಹುಕಾಲ ಸೇನೆಯಿಂದ ನಿವೃತ್ತರಾದವರೆಂದೇ ಅರ್ಥವಿತ್ತು. ಅವರ ನಂತರ ನಮ್ಮಂತಹ ಮೇಷ್ಟರುಗಳು.

ಅರಸನಿಗೆ ಕೊಟ್ಟದ್ದು ಅಧಿಕಾರದ ಬೆಲೆ; ಸೈನಿಕನಿಗೂ ಶಿಕ್ಷಕನಿಗೂ ಕೊಡುವುದು ಸೇವೆಯ ಬೆಲೆ. ಈ ಎರಡರಲ್ಲೂ "ನೀನು ಬಡವನೇ?" ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಎದುರಾಗುವುದು ಮೂರನೆಯ ಬಗೆಯ ಪಿಂಚಣಿಯಲ್ಲಿ, ಅಂದರೆ ಇಲ್ಲದವರಿಗೆಂದು ಸರ್ಕಾರ ಕೊಡುವ ಪಿಂಚಣಿಯಲ್ಲಿ.

ಸ್ವತಂತ್ರ ಭಾರತದಲ್ಲಿ 1957ರಲ್ಲಿ ಉತ್ತರ ಪ್ರದೇಶ ವೃದ್ಧಾಪ್ಯ ಪಿಂಚಣಿಯನ್ನು ಆರಂಭಿಸಿತು. 1960ರ ದಶಕದಲ್ಲಿ ನಮ್ಮ ಮೈಸೂರು ರಾಜ್ಯದಲ್ಲಿಯೂ ಅದು ಬಂತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಜಾರಿಗೆ ತಂದು, 65 ವರ್ಷ ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ ಗೊತ್ತುಮಾಡಿತು. 2007ರ ಜುಲೈನಲ್ಲಿ ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ಬಂತು. ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮೊದಲಾದವರಲ್ಲಿ 65 ವರ್ಷ ತುಂಬಿದವರಿಗೆ ತಿಂಗಳಿಗೆ 400 ರೂಪಾಯಿ. ಷರತ್ತುಗಳು ಮುಖ್ಯವಾಗಿ ಮೂರು: ಗಂಡ ಹೆಂಡಿರ ವಾರ್ಷಿಕ ಆದಾಯ ಒಟ್ಟು 20,000 ರೂಪಾಯಿ ಮೀರಬಾರದು, ಬ್ಯಾಂಕಿನಲ್ಲಿ ಇಬ್ಬರ ಠೇವಣಿ ಒಟ್ಟು 10,000 ರೂಪಾಯಿ ಮೀರಬಾರದು, ಬೇರೆ ಯಾವ ಮೂಲದಿಂದಲೂ ಪಿಂಚಣಿ ಬರುತ್ತಿರಬಾರದು.

ಆ ಕಾಲದಲ್ಲಿ ಊರಿನ ಹಿರಿಯರ ಅರ್ಜಿಗಳನ್ನು ತುಂಬಿಕೊಡುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ, ಸಣ್ಣಪುಟ್ಟ ತೋಟಗಳಲ್ಲಿ ಕಾಫಿ ಕೊಯ್ದೇ ಬಾಳು ಸವೆಸಿದ ತಾಯಿಯೊಬ್ಬರು ಬಂದರು. ಪತಿ ಹಾಸಿಗೆ ಹಿಡಿದಿದ್ದರು. ಠೇವಣಿಯ ಅಂಕಣಕ್ಕೆ ಬಂದಾಗ ಸೆರಗಿನ ಗಂಟಿನಿಂದ ಒಂದು ರಸೀದಿ ತೆಗೆದು ಮುಂದಿಟ್ಟರು: 14,000 ರೂಪಾಯಿ. ತಮ್ಮಿಬ್ಬರ ಅಂತ್ಯಕ್ರಿಯೆ ಮತ್ತು ತಿಥಿಗಾಗಿ, ಯಾರಿಗೂ ಹೊರೆಯಾಗಬಾರದೆಂದು, ವರ್ಷಗಟ್ಟಲೆ ಕೂಡಿಟ್ಟ ಹಣ. ನಾನು ಇದ್ದದ್ದನ್ನು ಇದ್ದಂತೆ ಬರೆದೆ. ಅರ್ಜಿ ತಿರಸ್ಕೃತವಾಯಿತು. ಕಾರಣ ವಿವರಿಸಿದಾಗ ಅವರು ಸಿಟ್ಟಾಗಲಿಲ್ಲ. "ಈ ದುಡ್ಡನ್ನು ಕುಡಿದು ಹಾಳು ಮಾಡಿದ್ದರೆ ಸಿಗುತ್ತಿತ್ತಲ್ಲವೇ ಮೇಷ್ಟ್ರೇ?" ಎಂದರು, ಅಷ್ಟೇ. ಮೂವತ್ತು ವರ್ಷ ಮಕ್ಕಳಿಗೆ ಉಳಿತಾಯದ ಮಹತ್ವ ಬೋಧಿಸಿದ್ದ ನನಗೆ ಉತ್ತರ ತಿಳಿಯಲಿಲ್ಲ.

ಲೆಕ್ಕ ನೋಡಿ. ಮಿತಿಗಿಂತ ಹೆಚ್ಚಿದ್ದ ಹಣ 4,000 ರೂಪಾಯಿ. ಅದರಿಂದ ಕೈತಪ್ಪಿದ್ದು ತಿಂಗಳಿಗೆ 400ರಂತೆ ವರ್ಷಕ್ಕೆ 4,800 ರೂಪಾಯಿ. ಹೆಚ್ಚಿದ್ದ ಹಣಕ್ಕಿಂತ ಒಂದೇ ವರ್ಷದ ನಷ್ಟ ದೊಡ್ಡದು!

ಬೇರೆ ದೇಶಗಳವರು ಇದನ್ನು ಹೇಗೆ ಅಳೆದರು? 1898ರಲ್ಲಿ ನ್ಯೂಜಿಲೆಂಡ್ 65 ವರ್ಷ ಮೀರಿದ ಬಡವರಿಗೆ ವರ್ಷಕ್ಕೆ 18 ಪೌಂಡಿನ ಪಿಂಚಣಿ ಕೊಡುವ ಕಾಯಿದೆ ಮಾಡಿತು. ಚೀನೀಯರನ್ನೂ ಏಷ್ಯಾದ ಇತರರನ್ನೂ ಹೊರಗಿಟ್ಟ ಆ ಕಾಯಿದೆಗೆ ತನ್ನದೇ ಕಳಂಕವಿತ್ತು. ಆದರೆ ಅದರ ಲೆಕ್ಕ ಗಮನಾರ್ಹ. ಆದಾಯ 34 ಪೌಂಡು ದಾಟಿದರೆ, ದಾಟಿದ ಪ್ರತಿ ಪೌಂಡಿಗೆ ಪಿಂಚಣಿಯಲ್ಲಿ ಒಂದು ಪೌಂಡು ಕಡಿತ. ಆಸ್ತಿ 50 ಪೌಂಡು ದಾಟಿದರೆ, ದಾಟಿದ ಪ್ರತಿ 15 ಪೌಂಡಿಗೆ ಒಂದು ಪೌಂಡು ಕಡಿತ. 1908ರ ಬ್ರಿಟಿಷ್ ಕಾಯಿದೆ 70 ವರ್ಷ ದಾಟಿದವರಿಗೆ ವಾರಕ್ಕೆ 5 ಶಿಲಿಂಗ್ ಕೊಟ್ಟಿತು. ವಾರ್ಷಿಕ ಆದಾಯ 21 ಪೌಂಡಿನವರೆಗೆ ಪೂರ್ಣ ಮೊತ್ತ. ಅಲ್ಲಿಂದ ಹಂತಹಂತವಾಗಿ ಒಂದೊಂದು ಶಿಲಿಂಗ್ ಇಳಿದು, 31 ಪೌಂಡು 10 ಶಿಲಿಂಗ್ ಮೀರಿದವರಿಗೆ ಏನೂ ಇಲ್ಲ.

ಅಂದರೆ ಅವರದು ಇಳಿಜಾರು, ನಮ್ಮದು ಬರೆ. ಬರೆಯಲ್ಲಿ ಒಂದು ಹೆಜ್ಜೆ ತಪ್ಪಿದರೆ ತಳಕ್ಕೇ ಬೀಳುವುದು ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ತಾಯಿಯ ಲೆಕ್ಕವನ್ನು ನ್ಯೂಜಿಲೆಂಡಿನ ಸೂತ್ರದಿಂದ ಮಾಡಿ ನೋಡಿದೆ. ಹೆಚ್ಚುವರಿ 4,000ಕ್ಕೆ ಹದಿನೈದರಲ್ಲೊಂದು ಪಾಲು, ಸುಮಾರು 267 ರೂಪಾಯಿ ಕಡಿತ. ವರ್ಷಕ್ಕೆ 4,533 ರೂಪಾಯಿ ಅವರ ಕೈಸೇರುತ್ತಿತ್ತು.

"ಮೊದಲೇ ಹಣ ತೆಗೆಸಿ ಮಗಳ ಕೈಗೆ ಕೊಡಿಸಬಹುದಿತ್ತಲ್ಲ?" ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ಆ ಯುಕ್ತಿಯೂ ಹೊಸದಲ್ಲ. ಪಿಂಚಣಿಗೆ ಅರ್ಹನಾಗಲೆಂದೇ ಆಸ್ತಿಯನ್ನು ಬಿಟ್ಟುಕೊಟ್ಟರೆ, ಅದು ಅವನ ಬಳಿಯೇ ಇದೆಯೆಂದು ಎಣಿಸಬೇಕೆಂದು 1908ರ ಕಾಯಿದೆಯೇ ವಿಧಿಸಿತ್ತು. ಮನುಷ್ಯರ ಉಪಾಯ ಮತ್ತು ಸರ್ಕಾರದ ಸಂಶಯ ಒಂದೇ ವಯಸ್ಸಿನವು.

ಮೂರನೆಯ ಷರತ್ತಿನ ಕಥೆ ಇನ್ನೂ ವಿಚಿತ್ರ. ನಮ್ಮ ಸುತ್ತಿನ ದೊಡ್ಡ ಕಾಫಿ ತೋಟಗಳ ಕಾರ್ಮಿಕರಿಗೆ ಭವಿಷ್ಯನಿಧಿ ಉಂಟು. 1995ರ ನವೆಂಬರಿನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಡಿ, ಹತ್ತು ವರ್ಷ ಸೇವೆ ಪೂರೈಸಿದವರಿಗೆ ತಿಂಗಳ ಪಿಂಚಣಿ ಸಿಗುತ್ತದೆ. ಕೂಲಿ ಕಡಿಮೆಯಿದ್ದ ಕಾರಣ ಅನೇಕರಿಗೆ ಬರುತ್ತಿದ್ದದ್ದು ಕೆಲವೇ ನೂರು ರೂಪಾಯಿ. ಅಷ್ಟು ಬಂದರೂ ಅವರು ಪಿಂಚಣಿದಾರರು. ಸಂಧ್ಯಾ ಸುರಕ್ಷಾ ಅವರಿಗಿಲ್ಲ. 2014ರ ಸೆಪ್ಟೆಂಬರಿನಿಂದ ಆ ಯೋಜನೆಯ ಕನಿಷ್ಠ ಪಿಂಚಣಿ 1,000 ರೂಪಾಯಿ ಆಯಿತು. 2021ರಲ್ಲಿ ಸಂಧ್ಯಾ ಸುರಕ್ಷಾ 1,200 ರೂಪಾಯಿಗೆ ಏರಿದಾಗ ಕಾರ್ಮಿಕರ ಕನಿಷ್ಠ ಮೊತ್ತ 1,000ದಲ್ಲಿಯೇ ನಿಂತಿತ್ತು. ದುಡಿದು ಗಳಿಸಿದ ಪಿಂಚಣಿ, ನೆರವಾಗಿ ಬರುವ ಪಿಂಚಣಿಗಿಂತ ಕಿರಿದಾಯಿತು! ನೆರವಿನದು ಹೆಚ್ಚೆಂದು ನನ್ನ ಆಕ್ಷೇಪವಲ್ಲ, ಅದೂ ಸಾಲದು. ಕಿರಿದಾದ ಗಳಿಕೆಯೇ ಬಾಗಿಲಿಗೆ ಅಗುಳಿಯಾಗಬಾರದೆಂಬುದು ನನ್ನ ಮಾತು.

ನನಗೂ ಇಂತಹ ಒಂದು ಗೆರೆ ತಗುಲಿತು. 2019ರಲ್ಲಿ ರೈತರಿಗೆ ವರ್ಷಕ್ಕೆ 6,000 ರೂಪಾಯಿ ನೀಡುವ ಪಿಎಂ ಕಿಸಾನ್ ಯೋಜನೆ ಬಂದಾಗ, ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಪಿಂಚಣಿ ಪಡೆಯುವವರನ್ನು ಹೊರಗಿಟ್ಟರು. ನಾಲ್ಕನೆಯ ದರ್ಜೆಯ ನೌಕರರಾಗಿದ್ದವರಿಗೆ ವಿನಾಯಿತಿ ಕೊಟ್ಟರು. ಪಿತ್ರಾರ್ಜಿತವಾದ ತುಂಡು ತೋಟ ನನಗಿದ್ದರೂ ನಾನು ಅನರ್ಹ. ಅದು ಸರಿಯೇ, ನನಗೆ ಅದರ ಅಗತ್ಯವಿಲ್ಲ. ಆದರೆ 9,999 ಬರುವವನಿಗೆ ಪೂರ್ತಿ, 10,000 ಬರುವವನಿಗೆ ಸೊನ್ನೆ ಎಂಬ ಗಣಿತವನ್ನು ನಾನು ತರಗತಿಯಲ್ಲಿ ಒಪ್ಪುತ್ತಿರಲಿಲ್ಲ.

ಆಸ್ತಿಯ ಅಳತೆಯೂ ಅಷ್ಟೇ ತೊಡಕಿನದು. 2018ರ ಆಗಸ್ಟಿನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಭಾಗಗಳಲ್ಲಿ ಗುಡ್ಡಗಳು ಜರಿದದ್ದು ನಿಮಗೆಲ್ಲ ತಿಳಿದಿದೆ. ತೋಟವೇ ಜರಿದುಹೋದರೂ ಪಹಣಿಯ ಪುಸ್ತಕದಿಂದ ಎಕರೆಗಳು ತಾವಾಗಿ ಜರಿಯುವುದಿಲ್ಲ. ನೆಲದ ಮೇಲೆ ಇಲ್ಲದ್ದು ಕಾಗದದ ಮೇಲೆ ಉಳಿಯುತ್ತದೆ. ಬಡತನವನ್ನು ಅಳೆಯುವುದು ಕಾಗದವನ್ನು ನೋಡಿ.

ಆ ತಾಯಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಅವರ ಮನೆಯ ಮಾಡು ಕುಸಿಯಿತು. ದುರಸ್ತಿಗೆಂದು ಠೇವಣಿಯಿಂದ 5,000 ರೂಪಾಯಿ ತೆಗೆದರು. ಉಳಿದದ್ದು 9,000, ಮತ್ತೆ ಅರ್ಜಿ ಬರೆದೆ, ಈ ಬಾರಿ ಮಂಜೂರಾಯಿತು. ನಾಲ್ಕು ವರ್ಷ ಪಿಂಚಣಿ ಪಡೆದರು. ಪತಿಯ ಉತ್ತರಕ್ರಿಯೆಗೂ ಔಷಧಿಗೂ ಆ ಠೇವಣಿ ಕರಗಿತ್ತು. ಅವರೇ ತೀರಿಕೊಂಡಾಗ ನೆರೆಹೊರೆಯವರು ಸೇರಿ ಖರ್ಚು ನಿಭಾಯಿಸಿದೆವು. ಯಾವ ಹೊರೆಯನ್ನು ತಪ್ಪಿಸಲು ಅವರು ಹಣ ಕೂಡಿಟ್ಟಿದ್ದರೋ ಅದೇ ಆಯಿತು. ನಮಗದು ಹೊರೆಯೆನಿಸಲಿಲ್ಲ, ಅವರಿಗೆ ಅನಿಸುತ್ತಿತ್ತು.

ಸರ್ಕಾರದ ಬೊಕ್ಕಸಕ್ಕೆ ಮಿತಿಯಿದೆ, ಗೆರೆಯೊಂದನ್ನು ಎಲ್ಲಿಯಾದರೂ ಎಳೆಯಲೇಬೇಕು ಎಂಬುದನ್ನು ನಾನು ಬಲ್ಲೆ. ಉಳ್ಳವರೂ ಸರತಿಯಲ್ಲಿ ನಿಂತರೆ ಇಲ್ಲದವರಿಗೆ ಉಳಿಯುವುದೇನು? ಆದರೂ ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಹೋದಾಗ ಆ ತಾಯಿ ನೆನಪಾಗುತ್ತಾರೆ. ನನ್ನನ್ನು ಕೇಳುವ ಪ್ರಶ್ನೆ ಒಂದೇ: ಬದುಕಿದ್ದೀರಾ? ಅವರನ್ನು ಕೇಳಿದ್ದು: ಏನು ಇಟ್ಟುಕೊಂಡಿದ್ದೀರಿ?

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಹಿರಿಯರ ಅರ್ಜಿ ತುಂಬುವ ಮುನ್ನ ಎಲ್ಲ ಷರತ್ತುಗಳನ್ನೂ ಅವರಿಗೆ ಓದಿ ಹೇಳಿ. ಸುಳ್ಳು ಬರೆಯಬೇಡಿ, ಬರೆಸಬೇಡಿ. ಆದರೆ ಗೆರೆ ಎಲ್ಲಿದೆ ಎಂಬುದು ಅದನ್ನು ದಾಟುವ ಮೊದಲೇ ಅವರಿಗೆ ತಿಳಿದಿರಲಿ. ನಾನು ಅಂದು ಅದನ್ನು ಮಾಡಲಿಲ್ಲ. ಆ ಮಾಡನ್ನು ಒಂದು ವರ್ಷ ಮೊದಲೇ ದುರಸ್ತಿ ಮಾಡಿಸಬಹುದಿತ್ತು.