ಉತ್ತೀರ್ಣದ ಗೆರೆ: ಎಸ್ಸೆಸ್ಸೆಲ್ಸಿ ಮಾನದಂಡದ ಚರಿತ್ರೆ ಮತ್ತು ಬೆಂಗಳೂರಿನ ಹೊರವಲಯ

2025ರ ಅಕ್ಟೋಬರ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಉತ್ತೀರ್ಣಾಂಕವನ್ನು ಶೇ 35ರಿಂದ ಶೇ 33ಕ್ಕೆ ಇಳಿಸುವ ನಿರ್ಧಾರ ಪ್ರಕಟಿಸಿದರು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಅಲ್ಲಿಯವರೆಗೆ 219 ಬೇಕಿತ್ತು. ಹೊಸ ನಿಯಮದಲ್ಲಿ ಆಂತರಿಕ ಅಂಕವೂ ಸೇರಿ ಒಟ್ಟು 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬಂದರೆ ಸಾಕು. ಈ ನಿಯಮದ ಕರಡಿಗೆ ಪ್ರತಿಕ್ರಿಯೆಯಾಗಿ ಬಂದ ಪತ್ರಗಳಲ್ಲಿ 701 ಪರವಾಗಿದ್ದವು, 8 ಮಾತ್ರ ವಿರೋಧಿಸಿದ್ದವು ಎಂದು ಸಚಿವರು ಹೇಳಿದರು. ಆ ಬಳಿಕ ನಡೆದ ಚರ್ಚೆಯೆಲ್ಲ ಎರಡು ಶೇಕಡಾ ಅಂಕಗಳ ಸುತ್ತಲೇ ಸುತ್ತಿತು. ಮಕ್ಕಳಿಗೆ ಅನುಕೂಲ ಎಂದು ಒಂದು ಪಕ್ಷ, ಗುಣಮಟ್ಟ ಹಾಳು ಎಂದು ಇನ್ನೊಂದು ಪಕ್ಷ. ಗೆರೆಯನ್ನು ಎಲ್ಲಿ ಎಳೆಯಬೇಕು ಎಂದು ಇಬ್ಬರೂ ಕೇಳಿದರು. ಆರು ವಿಷಯಗಳನ್ನು ಒಟ್ಟಿಗೆ ಕಟ್ಟಿ ಒಂದೇ ಗೆರೆ ಎಳೆಯುವುದು ಸರಿಯೇ ಎಂಬ ಪ್ರಶ್ನೆಯನ್ನು ಹೆಚ್ಚು ಜನ ಎತ್ತಲಿಲ್ಲ. ಈ ಪರೀಕ್ಷೆಯ ಚರಿತ್ರೆಯಲ್ಲಿ ಆ ಪ್ರಶ್ನೆ ಬಹಳ ಹಳೆಯದು, ಅದಕ್ಕೆ ಬಂದ ಉತ್ತರವೂ ಹಳೆಯದು. ಆ ಉತ್ತರವನ್ನು ನಾವು ಜಾರಿಗೆ ತರಲಿಲ್ಲ. ಅದರ ಬೆಲೆಯನ್ನು ತೆರುತ್ತಿರುವವರಲ್ಲಿ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತಲಿನ ಸರ್ಕಾರಿ ಪ್ರೌಢಶಾಲೆಗಳ ಮಕ್ಕಳು ಮುಂಚೂಣಿಯಲ್ಲಿದ್ದಾರೆ.

ಎಸ್ಸೆಸ್ಸೆಲ್ಸಿ ಹುಟ್ಟಿದ್ದು 20ನೆಯ ಶತಮಾನದ ಆರಂಭದ ಮದ್ರಾಸ್ ಪ್ರಾಂತ್ಯದಲ್ಲಿ, ಮೆಟ್ರಿಕ್ಯುಲೇಷನ್‌ಗೆ ಪರ್ಯಾಯವಾಗಿ. ಮೆಟ್ರಿಕ್ಯುಲೇಷನ್ ವಿಶ್ವವಿದ್ಯಾಲಯದ ಹೊಸ್ತಿಲಾಗಿತ್ತು. ಕಾಲೇಜಿಗೆ ಹೋಗದವನಿಗೆ ಅದರಿಂದ ಪ್ರಯೋಜನ ಕಡಿಮೆ. ಹೊಸ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯ ಶಾಲಾ ದಾಖಲೆ ಮತ್ತು ಪಬ್ಲಿಕ್ ಪರೀಕ್ಷೆಯ ಅಂಕಗಳನ್ನು ಒಂದೇ ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಅದನ್ನು ಓದಿ ಕೆಲಸ ಕೊಡುವವರು, ಸೀಟು ಕೊಡುವವರು ತಮ್ಮ ತೀರ್ಮಾನಕ್ಕೆ ಬರಲಿ ಎಂಬುದು ಅದರ ಆಶಯ. ಮೈಸೂರು ಸಂಸ್ಥಾನವೂ ಅದೇ ಹೆಸರಿನ ಪರೀಕ್ಷೆಯನ್ನು ತಂದಿತು. ಕಾಲೇಜು ಮತ್ತು ಸರ್ಕಾರಿ ನೌಕರಿ ಎರಡಕ್ಕೂ ಸುಲಭವಾದ ಜರಡಿಯೊಂದು ಬೇಕಾಗಿದ್ದರಿಂದ ಬರಬರುತ್ತಾ ದಾಖಲೆ ಹಿಂದೆ ಸರಿದು ಪಾಸು ಫೇಲು ಮುಂದೆ ಬಂದವು. ಸ್ವಾತಂತ್ರ್ಯಾನಂತರ ಇದನ್ನು ಸರಿಪಡಿಸುವ ಯತ್ನಗಳು ನಡೆದವು. 1952-53ರ ಮೊದಲಿಯಾರ್ ಆಯೋಗ ಬಾಹ್ಯ ಪರೀಕ್ಷೆಯ ಭಾರ ತಗ್ಗಿಸಿ ಶಾಲಾ ದಾಖಲೆಗೆ ಬೆಲೆ ಕೊಡಬೇಕೆಂದಿತು. 1964-66ರ ಕೊಠಾರಿ ಆಯೋಗ ಇನ್ನೂ ಖಚಿತವಾಗಿ ಮಾತಾಡಿತು: ಮಂಡಳಿ ಕೊಡುವ ಪ್ರಮಾಣಪತ್ರದಲ್ಲಿ ಪ್ರತಿ ವಿಷಯದ ಸಾಧನೆ ಇರಲಿ, ಇಡೀ ಪರೀಕ್ಷೆಯಲ್ಲಿ ಪಾಸಾದರೋ ಫೇಲಾದರೋ ಎಂಬ ಷರಾ ಬೇಡ. ಅದೇ ಆಯೋಗ ಹೇಳಿದ 10+2+3 ರಚನೆಯನ್ನು ಕರ್ನಾಟಕ ಒಪ್ಪಿಕೊಂಡಿತು. ಇಂದಿನ ಹತ್ತನೆಯ ತರಗತಿ ಮತ್ತು ಎರಡು ವರ್ಷದ ಪಿಯುಸಿ ಆ ಚೌಕಟ್ಟಿನವೇ. ಷರಾ ಕುರಿತ ಶಿಫಾರಸು ಮಾತ್ರ ಕಡತದಲ್ಲೇ ಉಳಿಯಿತು.

ಒಂದೇ ಗೆರೆಯ ವ್ಯವಸ್ಥೆ ಎಷ್ಟು ಅಲುಗಾಡುತ್ತದೆ ಎಂಬುದಕ್ಕೆ ಹಿಂದಿನ ಐದಾರು ವರ್ಷಗಳ ಫಲಿತಾಂಶವೇ ಸಾಕ್ಷಿ. 2020ರಲ್ಲಿ ಶೇ 71.80. ಕೋವಿಡ್ ಕಾರಣಕ್ಕೆ 2021ರ ಜುಲೈನಲ್ಲಿ ಎರಡೇ ದಿನ ಬಹು ಆಯ್ಕೆ ಪ್ರಶ್ನೆಗಳಲ್ಲಿ ಪರೀಕ್ಷೆ ಮುಗಿಸಿದಾಗ ಶೇ 99.9. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ನೇರಪ್ರಸಾರದ ಕಣ್ಗಾವಲು ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಅಸಮಾಧಾನ ಸೂಚಿಸಿದರು, ಮರುವರ್ಷ ಅದನ್ನು ಕೈಬಿಡಲಾಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ 66.14 ಎಂದು ಪ್ರಕಟವಾಯಿತು. ದಕ್ಷಿಣ ಕನ್ನಡದಲ್ಲಿ ಶೇ 91.12, ಕಲಬುರಗಿಯಲ್ಲಿ ಶೇ 42.43. ಇಷ್ಟು ಕಡಿಮೆ ಅವಧಿಯಲ್ಲಿ ಮಕ್ಕಳ ಕಲಿಕೆ ಹೀಗೆ ಏರಿಳಿದಿರಲು ಸಾಧ್ಯವಿಲ್ಲ. ಏರಿಳಿದದ್ದು ಪ್ರಶ್ನೆಪತ್ರಿಕೆಯ ರೂಪ, ಕಣ್ಗಾವಲು, ಕೃಪಾಂಕ. ಆದರೂ ಪ್ರತಿ ವರ್ಷದ ಅಂಕಪಟ್ಟಿಯ ಮೇಲೆ ಅಚ್ಚಾಗುವ ಷರಾ ಒಂದೇ, ಅದು ಬದುಕಿನುದ್ದಕ್ಕೂ ಮಗುವಿನ ಜೊತೆಗಿರುತ್ತದೆ.

ಈ ಷರಾ ಕೈಗಾರಿಕಾ ಪ್ರದೇಶದಲ್ಲಿ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಪೀಣ್ಯ ಇಂದು ಸಾವಿರಾರು ಸಣ್ಣ ಘಟಕಗಳ ನೆಲೆ. ಅದೇ ಹೊತ್ತಿನಲ್ಲಿ ಆರ್.ಕೆ. ಬಾಳಿಗ ಅವರ ಮುಂದಾಳತ್ವದ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಗುರುತಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ಗೆ ಐಟಿಪಿಎಲ್ ಎಂಬ ಐಟಿ ಪಾರ್ಕ್ ಬಂತು. ಈ ಮೂರೂ ಕಡೆಯ ಕಟ್ಟಡಗಳನ್ನು ಕಟ್ಟಿದವರಲ್ಲಿ, ಇಂದಿಗೂ ಅಲ್ಲಿ ಕಾವಲು, ಹೌಸ್‌ಕೀಪಿಂಗ್, ಲೋಡಿಂಗ್ ಮಾಡುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರು ಬಹಳ. ಅವರ ಮಕ್ಕಳಿಗೆ ಹೆಲ್ಪರ್ ಕೆಲಸದಿಂದ ಕಸುಬಿಗೆ ಏರುವ ದಾರಿ ಐಟಿಐ. ಅದರ ನಿಯಮ ಹೀಗಿದೆ: ವೆಲ್ಡರ್, ವೈರ್‌ಮನ್, ಪ್ಲಂಬರ್ ವೃತ್ತಿಗಳಿಗೆ ಎಂಟನೆಯ ತರಗತಿ ಸಾಕು, ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಆಗಲು ಗಣಿತ, ವಿಜ್ಞಾನ ಓದಿ ಹತ್ತನೆಯ ತರಗತಿ ಪಾಸಾಗಿರಬೇಕು. ಗಣಿತ, ವಿಜ್ಞಾನ ಕೇಳುವುದು ನ್ಯಾಯವೇ. ಡ್ರಾಯಿಂಗ್ ಓದಲು, ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೆಯ ಒಂದು ಭಾಗ ಅಳೆಯಲು ದಶಮಾಂಶ, ಕೋನ, ಅನುಪಾತ ಬೇಕೇ ಬೇಕು. ಆದರೆ ಗಣಿತದಲ್ಲಿ 60, ವಿಜ್ಞಾನದಲ್ಲಿ 55 ಪಡೆದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎಡವಿದ ಹುಡುಗಿ ಟರ್ನರ್ ಆಗಲಾರಳು. ಎಲ್ಲದರಲ್ಲೂ ಗೆರೆಯ ಮೇಲೆ ಹೇಗೋ ತೇಲಿದವನು ಆಗಬಲ್ಲ. ನಿಯಮಕ್ಕೆ ಬೇಕಾದದ್ದು ಎರಡು ವಿಷಯಗಳ ಜ್ಞಾನ, ಅದು ಪರಿಶೀಲಿಸುವುದು ಆರು ವಿಷಯಗಳ ಗಂಟನ್ನು. ವರ್ಷದ ನಡುವೆ ಊರು ಬಿಟ್ಟು ಬಂದು ಹೊಸ ಶಾಲೆ ಸೇರಿದ ಮಕ್ಕಳಿಗೆ, ಮನೆಯಲ್ಲಿ ತೆಲುಗು, ಉರ್ದು, ಒಡಿಯಾ ಆಡಿ ಶಾಲೆಯಲ್ಲಿ ಮೂರು ಭಾಷೆ ಬರೆಯುವ ಮಕ್ಕಳಿಗೆ ಈ ಗಂಟು ಎಷ್ಟು ಬಿಗಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗೆರೆ ಸಡಿಲಿಸಿದರೆ ಮುಂದಿನ ಹಂತ ಕುಸಿಯುತ್ತದೆ ಎಂಬುದು ಗಂಭೀರ ಆಕ್ಷೇಪ. ಅದನ್ನು ಪರೀಕ್ಷಿಸಲು ನಮ್ಮಲ್ಲೇ ಒಂದು ಪುರಾವೆ ಇದೆ. 2021ರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸಾದ ತಂಡ ದ್ವಿತೀಯ ಪಿಯುಸಿ ಬರೆದದ್ದು 2023ರಲ್ಲಿ. ಆ ವರ್ಷದ ಫಲಿತಾಂಶ ಶೇ 74.67. ಅದಕ್ಕೂ ಹಿಂದಿನ ವರ್ಷ, ಅಂದರೆ ಮಾಮೂಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ದಾಟಿ ಬಂದ 2020ರ ತಂಡದ ಫಲಿತಾಂಶ ಶೇ 61.88. ಪಾಸಾದವರೆಲ್ಲ ಪಿಯುಸಿಗೆ ಹೋಗುವುದಿಲ್ಲ, ಕೋವಿಡ್ ಎರಡೂ ತಂಡಗಳ ಓದನ್ನು ಬೇರೆ ಬೇರೆ ರೀತಿ ಕದಡಿತ್ತು. ಹಾಗಾಗಿ ಬಾಗಿಲು ತೆರೆದದ್ದರಿಂದಲೇ ಫಲಿತಾಂಶ ಏರಿತು ಎನ್ನುವಂತಿಲ್ಲ. ಆದರೆ ಬಾಗಿಲು ತೆರೆದರೆ ಅನಾಹುತ ಖಚಿತ ಎಂಬ ವಾದಕ್ಕೂ ಈ ಅಂಕಿಗಳಲ್ಲಿ ಆಧಾರವಿಲ್ಲ. ಆದ್ದರಿಂದ 35 ಅನ್ನು 33 ಮಾಡಿದ್ದರ ಬಗ್ಗೆ ನನಗೆ ತಕರಾರಿಲ್ಲ. 35 ಎಂಬ ಸಂಖ್ಯೆಯೂ ಯಾವ ಕಲಿಕೆಯ ಅಳತೆಯಿಂದ ಬಂದದ್ದಲ್ಲ, ರೂಢಿಯಿಂದ ಉಳಿದುಬಂದದ್ದು.

ನನ್ನ ತಕರಾರು ಹೊಸ ನಿಯಮದ ಇನ್ನೊಂದು ಭಾಗದ ಮೇಲೆ, ಅದರಲ್ಲಿ ವಿರೋಧಿಗಳ ಆತಂಕಕ್ಕೆ ನಾನು ದನಿಗೂಡಿಸುತ್ತೇನೆ. ನೂರು ಅಂಕದ ವಿಷಯದಲ್ಲಿ 20 ಆಂತರಿಕ, 80 ಲಿಖಿತ. ಆಂತರಿಕ ಅಂಕ ಕೊಡುವುದು ಶಾಲೆ; ಫಲಿತಾಂಶ ಕುಸಿದರೆ ನೋಟಿಸ್ ಪಡೆಯುವುದೂ ಅದೇ ಶಾಲೆ. ಆ ಒತ್ತಡದಲ್ಲಿ ಧಾರಾಳವಾಗಿ ಅಂಕ ಹಾಕುವ ಶಿಕ್ಷಕರನ್ನು ದೂರಲಾಗದು. ಎರಡನ್ನೂ ಕೂಡಿಸಿ ಶೇ 30 ಸಾಕು ಎಂದಾಗ ಆಂತರಿಕ 20ಕ್ಕೆ 20 ಬಂದವರು ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 10 ಪಡೆದರೂ ಆ ವಿಷಯದಲ್ಲಿ ತೇರ್ಗಡೆ. ಸಿಬಿಎಸ್ಇ ಹತ್ತನೆಯ ತರಗತಿಯಲ್ಲೂ ಎರಡನ್ನೂ ಕೂಡಿಸಿಯೇ ಶೇ 33 ನೋಡುತ್ತಾರೆ ಎಂಬ ಸಮರ್ಥನೆ ಇದೆ. ಅಲ್ಲಿ ಇರುವ ದೌರ್ಬಲ್ಯ ಇಲ್ಲಿಗೆ ಬಂದ ಮಾತ್ರಕ್ಕೆ ಗುಣವಾಗುವುದಿಲ್ಲ. ಕೇರಳ ಇದಕ್ಕೆ ತದ್ವಿರುದ್ಧ ದಿಕ್ಕಿಗೆ ಹೊರಟಿದೆ: ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲೇ ಶೇ 30 ಬೇಕೆಂಬ ನಿಯಮವನ್ನು 2024-25ರಲ್ಲಿ ಎಂಟನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ಹತ್ತನೆಯದಕ್ಕೆ ಒಯ್ಯುವ ಯೋಜನೆ ಹಾಕಿತು. ಕೊರತೆ ಕಂಡ ಮಕ್ಕಳಿಗೆ ರಜೆಯಲ್ಲಿ ವಿಶೇಷ ಪಾಠ ಕೊಡುವುದೂ ಅದರ ಭಾಗ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಬರೆಯುವುದು ಆ ಪರೀಕ್ಷೆಯನ್ನೇ. ನಮ್ಮಲ್ಲಿ ಸಂಖ್ಯೆ ಇಳಿಯಿತು, ಪಾಠದ ವ್ಯವಸ್ಥೆ ಅದರ ಜೊತೆ ಬರಲಿಲ್ಲ.

ಹಾಗಾದರೆ ಒಟ್ಟಾರೆ ಷರಾವನ್ನೇ ತೆಗೆದರೆ ಸಾವಿರಾರು ಅರ್ಜಿ ನೋಡುವ ಐಟಿಐ, ಪಾಲಿಟೆಕ್ನಿಕ್, ಕಂಪನಿಗಳು ಏನು ಮಾಡಬೇಕು? ಷರಾ ಇಲ್ಲದಿದ್ದರೆ ಅವರವರೇ ಮನಬಂದಂತೆ ಗೆರೆ ಎಳೆಯುತ್ತಾರೆ, ಬಡ ಮಕ್ಕಳಿಗೆ ಇನ್ನೂ ಕಷ್ಟ ಎಂಬ ಆಕ್ಷೇಪ ಇದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2024ರ ನವೆಂಬರ್‌ನಲ್ಲಿ ಮತದಾರರು ಎಂಸಿಎಎಸ್ ಎಂಬ ರಾಜ್ಯ ಪರೀಕ್ಷೆಯನ್ನು ಪ್ರೌಢಶಾಲಾ ಪದವಿಯ ಷರತ್ತಿನಿಂದ ತೆಗೆದುಹಾಕಿದಾಗ ಎದ್ದದ್ದೂ ಇದೇ ಆತಂಕ: ಊರಿಗೊಂದು ಅಳತೆ ಆಗುತ್ತದೆ ಎಂದು. ಅಲ್ಲಿ ಆ ಆತಂಕಕ್ಕೆ ಅರ್ಥವಿದೆ, ಏಕೆಂದರೆ ಅರ್ಹತೆ ನಿರ್ಧಾರ ಸ್ಥಳೀಯ ಶಾಲಾ ಆಡಳಿತಗಳ ಕೈಗೆ ಹೋಯಿತು. ಕೊಠಾರಿ ಆಯೋಗ ಹೇಳಿದ್ದು ಅದಲ್ಲ. ಪರೀಕ್ಷೆ ರಾಜ್ಯವ್ಯಾಪಿಯಾಗಿಯೇ ಇರಲಿ, ವಿಷಯವಾರು ಅಂಕವೂ ಇರಲಿ, ಒಂದು ವಿಷಯದ ಸೋಲು ಉಳಿದ ಐದರ ಗೆಲುವನ್ನು ನುಂಗದಿರಲಿ ಎಂದಷ್ಟೇ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಈಗಲೂ ಅಂಕಪಟ್ಟಿ ನೋಡುವುದಕ್ಕಿಂತ ಟ್ರಯಲ್ ಕೊಟ್ಟು ನೋಡುವುದು ವಾಡಿಕೆ. ಒಟ್ಟು ಷರಾದಿಂದ ಮಾಲೀಕರಿಗೆ ಸಿಗುವ ಮಾಹಿತಿ ಅಷ್ಟು ಕಡಿಮೆ.

ಈ ಬದಲಾವಣೆಗೆ ಬೇಕಾದ ಸಾಮಗ್ರಿಯಲ್ಲಿ ಅರ್ಧ ಈಗಾಗಲೇ ನಮ್ಮ ಕೈಯಲ್ಲಿದೆ. 2024ರಿಂದ ಪೂರಕ ಪರೀಕ್ಷೆಯ ಬದಲು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಉಳಿದುಹೋದ ವಿಷಯವನ್ನು ಮತ್ತೆ ಬರೆಯಬಹುದು, ಉತ್ತಮ ಅಂಕ ಉಳಿಸಿಕೊಳ್ಳಬಹುದು. ಕೆಲವು ಶಾಲೆಗಳಲ್ಲಿ ತೃತೀಯ ಭಾಷೆಯ ಜಾಗದಲ್ಲಿ ಐಟಿ, ಆಟೊಮೊಬೈಲ್‌ನಂಥ ವೃತ್ತಿಪರ ವಿಷಯ ಆರಿಸಿಕೊಳ್ಳುವ ಅವಕಾಶವಿದೆ. ಉಳಿದ ಅರ್ಧದಲ್ಲಿ ಎರಡು ಕೆಲಸಗಳಿವೆ. ಲಿಖಿತ ಮತ್ತು ಆಂತರಿಕ ಅಂಕಗಳಿಗೆ ಬೇರೆ ಬೇರೆ ಕನಿಷ್ಠ ಮಿತಿ ಇಡುವುದು, ಅಂಕಪಟ್ಟಿಯಿಂದ ಒಟ್ಟು ಷರಾ ತೆಗೆದು ವಿಷಯವಾರು ತೇರ್ಗಡೆಯನ್ನು ಬರೆಯುವುದು ಮಲ್ಲೇಶ್ವರದಲ್ಲಿರುವ ಪರೀಕ್ಷಾ ಮಂಡಳಿ ಮತ್ತು ರಾಜ್ಯ ಸರ್ಕಾರದ ಅಧಿಕಾರದೊಳಗೇ ಇದೆ. ಐಟಿಐ ಪ್ರವೇಶದ ಅರ್ಹತೆ ಮಾತ್ರ ಕೇಂದ್ರದ ಪ್ರಶಿಕ್ಷಣ ಮಹಾನಿರ್ದೇಶನಾಲಯ ಬರೆದದ್ದು. ಫಿಟ್ಟರ್ ವೃತ್ತಿಗೆ ಗಣಿತ, ವಿಜ್ಞಾನಗಳಲ್ಲಿ ತೇರ್ಗಡೆ ಸಾಕು ಎಂದು ಅಲ್ಲಿ ತಿದ್ದುಪಡಿ ಆಗುವವರೆಗೆ ಇಲ್ಲಿನ ಹೊಸ ಅಂಕಪಟ್ಟಿಗೂ ಆ ಬಾಗಿಲು ತೆರೆಯದು. ಹೀಗಾಗಿ ಅಂಕಪಟ್ಟಿಯ ರೂಪ ಬದಲಿಸುವ ಆದೇಶ ಹೊರಡುವ ದಿನವೇ ಆ ತಿದ್ದುಪಡಿಯ ಕೋರಿಕೆಯೂ ದೆಹಲಿಗೆ ಹೋಗಬೇಕು.